ಗಾಳಿ ತಿರುಗಿದರೆ ಬದಿಯೇ ಮುಂದು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹಳ್ಳಿಗಾಡಿನಲ್ಲಿ ಊರಿಗೊಂದರಂತೆ ತಗಡಿನ ಶೆಡ್ಡು ಕಾಣುತ್ತದೆ. ಒಳಗೆ ಕೆಂಪು ಬಣ್ಣದ ಬೆಂಕಿ ಲಾರಿ. ಗೋಡೆಯಲ್ಲಿ ಸಾಲಾಗಿ ಹಳದಿ ಜಾಕೆಟ್ಟು, ಹೆಲ್ಮೆಟ್ಟು, ಕೆಳಗೆ ಬೂಟು. ಈ ಲಾರಿ ಓಡಿಸುವವರು ಸಂಬಳದ ನೌಕರರಲ್ಲ. ಕುರಿ ಸಾಕುವ ರೈತ, ಶಾಲೆಯ ಟೀಚರ್, ಗ್ಯಾರೇಜಿನವನು, ಅಂಗಡಿಯಾಕೆ. ಪೇಜರ್ ಕೂಗಿದರೆ ಇದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ರಾಜ್ಯದಲ್ಲಿ ಇಂಥ ಸುಮಾರು 1,200 ಪಡೆಗಳಿವೆ. ಸ್ವಯಂಸೇವಕರು 50 ಸಾವಿರದ ಆಸುಪಾಸು. ಕ್ಯಾಪ್ಟನ್ ಯಾರಾಗಬೇಕು ಅಂತ ಮೇಲಿನವರು ಹೇಳುವುದಿಲ್ಲ, ಪಡೆಯವರೇ ಓಟು ಹಾಕಿ ಆರಿಸಿಕೊಳ್ಳುತ್ತಾರೆ.

ಲಾರಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ 3,000 ಲೀಟರಿನಷ್ಟು ನೀರು ಹಿಡಿಯುತ್ತದೆ. ಇಷ್ಟು ನೀರಿಗೆ ಎಷ್ಟು ಬೆಂಕಿ ಆರೀತು? ಲೆಕ್ಕ ಕಷ್ಟವೇನಲ್ಲ. ಒಂದು ಲೀಟರ್ ತಣ್ಣೀರು ಕಾದು, ಕುದಿದು, ಪೂರ್ತಿ ಆವಿಯಾಗುವಷ್ಟರಲ್ಲಿ ಸುಮಾರು 2,600 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುತ್ತದೆ. ಇನ್ನು ಕಾಡ್ಗಿಚ್ಚಿನ ಜೋರನ್ನು ಅಳೆಯಲು ಅಮೆರಿಕದ ಜಾರ್ಜ್ ಬೈರಮ್ 1959ರಲ್ಲಿ ಕೊಟ್ಟ ಅಳತೆ ಇದೆ: ಬೆಂಕಿಯ ಸಾಲಿನ ಒಂದು ಮೀಟರ್ ಉದ್ದ, ಒಂದು ಸೆಕೆಂಡಿಗೆ ಎಷ್ಟು ಶಾಖ ಹೊರಹಾಕುತ್ತದೆ ಅನ್ನುವುದು. ಒಣಗಿದ ನೀಲಗಿರಿ ಮರಗಳ ಕಾಡು ಕೆಟ್ಟ ದಿನದಲ್ಲಿ ಹೊತ್ತಿದರೆ ಇದು ಮೀಟರಿಗೆ 50,000 ಕಿಲೋವ್ಯಾಟ್, ಅಂದರೆ ಸೆಕೆಂಡಿಗೆ 50,000 ಕಿಲೋಜೂಲ್, ದಾಟಬಹುದು. ಭಾಗಿಸಿ ನೋಡಿ. ಇಡೀ ಟ್ಯಾಂಕಿನ ನೀರು ಒಂದೇ ಒಂದು ಮೀಟರ್ ಬೆಂಕಿಗೆ ಎರಡೂವರೆ ನಿಮಿಷ ಸಾಲುತ್ತದೆ, ಅಷ್ಟೆ. ಅದೂ ಒಂದು ಹನಿಯೂ ಪೋಲಾಗದಿದ್ದರೆ. ಆದರೆ ಅದೇ ಬೆಂಕಿ ಇನ್ನೂ ಹುಲ್ಲಿನಲ್ಲಿ ಗಿಡ್ಡಗೆ ಉರಿಯುತ್ತಿದ್ದಾಗ, ಮೀಟರಿಗೆ 500 ಕಿಲೋವ್ಯಾಟ್ ಇದ್ದಾಗ, ಅದೇ ನೀರು ಅದೇ ಒಂದು ಮೀಟರಿಗೆ ನಾಲ್ಕು ಗಂಟೆಗೂ ಜಾಸ್ತಿ ಸಾಕು.

ಹಳ್ಳಿಗಳ ಬೆಂಕಿ ಪಡೆಗಳು ಹುಟ್ಟಿದ್ದಕ್ಕೆ ಕಾರಣ ಈ ಲೆಕ್ಕದಲ್ಲೇ ಇದೆ. ದೊಡ್ಡ ಪಟ್ಟಣದಿಂದ ದೊಡ್ಡ ಯಂತ್ರ ಬರುವ ಹೊತ್ತಿಗೆ ಬೆಂಕಿಯೂ ದೊಡ್ಡದಾಗಿರುತ್ತದೆ. ಪಕ್ಕದ ಹೊಲದವನು ಸಣ್ಣ ಪಂಪಿನೊಂದಿಗೆ ಹತ್ತು ನಿಮಿಷದಲ್ಲಿ ಬಂದರೆ ಕೆಲಸ ಮುಗಿಯುತ್ತದೆ.

ಮೊದಮೊದಲು ಪಂಪೂ ಇರಲಿಲ್ಲ. ಯುರೋಪಿನಿಂದ ಬಂದು ನೆಲೆಸಿದವರಿಗೆ ಈ ಕಾಡಿನ ಸ್ವಭಾವವೇ ಗೊತ್ತಿರಲಿಲ್ಲ. ಅಲ್ಲಿನ ಮೂಲನಿವಾಸಿಗಳು ತಂಪು ಹೊತ್ತು ನೋಡಿ ಸಣ್ಣ ಸಣ್ಣ ಬೆಂಕಿ ಹಾಕಿ ತರಗೆಲೆ, ಒಣಹುಲ್ಲನ್ನು ಆಗಾಗ ಸುಡುತ್ತಿದ್ದರು. ಅವರನ್ನು ಒಕ್ಕಲೆಬ್ಬಿಸಿದ ಮೇಲೆ ಬಹಳ ಕಡೆ ಆ ಪದ್ಧತಿಯೂ ನಿಂತಿತು. 1851ರ ಫೆಬ್ರುವರಿ 6ರ ಗುರುವಾರ ವಿಕ್ಟೋರಿಯಾದ ಕಾಲು ಭಾಗದಷ್ಟು ನೆಲ ಸುಟ್ಟುಹೋಯಿತು. ಆಗಿನ್ನೂ ಜನವಸತಿ ಕಡಿಮೆ, ಹಾಗಾಗಿ ಸತ್ತವರು ಹನ್ನೆರಡು ಮಂದಿ. ಕುರಿಗಳು ಮಾತ್ರ ಲಕ್ಷಗಟ್ಟಲೆ. 1890ರ ದಶಕದಲ್ಲಿ ಮತ್ತೆ ಮತ್ತೆ ಬೆಂಕಿ ಬಿತ್ತು. 1896ರಲ್ಲಿ ಗಡಿಯಾಚೆ ನ್ಯೂ ಸೌತ್ ವೇಲ್ಸ್‌ನ ಬೆರಿಗನ್ ಎಂಬ ಗೋಧಿ ಬೆಳೆಯುವ ಊರಿನವರು ಒಂದು ಪಡೆ ಕಟ್ಟಿಕೊಂಡರು. ಆ ರಾಜ್ಯದ ಹಳ್ಳಿ ಪಡೆಗಳು ತಮ್ಮ ಚರಿತ್ರೆಯನ್ನು ಅಲ್ಲಿಂದಲೇ ಎಣಿಸುತ್ತವೆ. ಎರಡು ವರ್ಷದ ನಂತರ ವಿಕ್ಟೋರಿಯಾದ ಗಿಪ್ಸ್‌ಲ್ಯಾಂಡಿನಲ್ಲಿ ಎರಡು ಸಾವಿರ ಕಟ್ಟಡಗಳು ಉರಿದುಹೋದವು.

ಆಗಿನ ಸಾಮಾನು ಏನು ಗೊತ್ತೇ? ಒದ್ದೆ ಗೋಣಿಚೀಲ, ಹಸಿ ಸೊಪ್ಪಿನ ಕೊಂಬೆ, ಗುದ್ದಲಿ. ಚೀಲವನ್ನು ನೀರಿನಲ್ಲಿ ಅದ್ದಿ ಹುಲ್ಲಿನ ಬೆಂಕಿಯ ಅಂಚಿಗೆ ಬಡಿಯುವುದು. ಜ್ವಾಲೆಗೆ ಗಾಳಿ ಸಿಗದಂತೆ ಕ್ಷಣಹೊತ್ತು ಮುಚ್ಚುವುದು, ಜೊತೆಗೆ ತಂಪು ಮಾಡುವುದು, ಎರಡೂ ಒಂದೇ ಏಟಿಗೆ. ಅಲ್ಲಿಯ ಗೋಧಿ ತುಂಬುವ ಚೀಲಗಳು ಹಡಗಿನಲ್ಲಿ ಹೋಗುತ್ತಿದ್ದುದು ಕಲ್ಕತ್ತೆಯ ಸೆಣಬಿನ ಗಿರಣಿಗಳಿಂದ. ಅಂದರೆ ಆಸ್ಟ್ರೇಲಿಯಾದ ರೈತ ಬೆಂಕಿ ಬಡಿದದ್ದು ಬಂಗಾಳದ ಸೆಣಬಿನಿಂದ! ನೀರಿಗೆ ಕುದುರೆ ಎಳೆಯುವ ಕಬ್ಬಿಣದ ಟ್ಯಾಂಕಿನ ಗಾಡಿ. ಶೆಪರ್ಟನ್ ಊರಿನ ಫರ್ಫಿ ಕಂಪನಿಯ ಗಾಡಿಗಳು ಆ ಕಡೆ ತುಂಬಾ ಹೆಸರು ಮಾಡಿದ್ದವು, ಒಂದೊಂದರಲ್ಲಿ 800 ಲೀಟರಿನಷ್ಟು ನೀರು. ಆಮೇಲೆ ಬಂದದ್ದು ಬೆನ್ನಿಗೆ ಹೊರುವ ಪಂಪು, ನಮ್ಮ ಕಡೆ ತೋಟಕ್ಕೆ ಔಷಧಿ ಹೊಡೆಯುವ ಕ್ಯಾನಿನಂಥದೇ. ಅದು ಈಗಲೂ ಪ್ರತಿ ಲಾರಿಯಲ್ಲೂ ಇರುತ್ತದೆ. ಲಾರಿ ಹೋಗದ ಇಳಿಜಾರಿಗೆ ಬೇರೆ ದಾರಿ ಇಲ್ಲ.

1939ರ ಜನವರಿ 13, ಶುಕ್ರವಾರ. ಮೆಲ್ಬರ್ನ್‌ನಲ್ಲಿ 45.6 ಡಿಗ್ರಿ ಬಿಸಿಲು. ಆ ಬೇಸಿಗೆಯ ಬೆಂಕಿಗೆ ವಿಕ್ಟೋರಿಯಾದಲ್ಲಿ 71 ಮಂದಿ ಬಲಿಯಾದರು. ಕಾಡಿನೊಳಗಿನ 69 ಮರದ ಮಿಲ್ಲುಗಳು ಬೂದಿಯಾದವು. ವಿಚಾರಣೆಗೆ ನೇಮಕವಾದ ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್ ಬರೆದ ವರದಿ ಇಂದಿಗೂ ಓದಿಸಿಕೊಳ್ಳುತ್ತದೆ. ಸರ್ಕಾರಿ ವರದಿಯ ಬಗ್ಗೆ ಇಂಥ ಮಾತು ಹೇಳುವ ಸಂದರ್ಭ ಅಪರೂಪ. ಬೆಂಕಿ ಹಚ್ಚಿದ್ದು ಮನುಷ್ಯರ ಕೈಯೇ ಅಂತ ಅವರು ನೇರವಾಗಿ ಬರೆದರು. ಕಾಡಿನಲ್ಲಿ ಆಯಸ್ಸು ಕಳೆದವರಿಗೂ ಇಂಥ ಬೆಂಕಿ ಬಂದೀತೆಂದು ಹೊಳೆಯಲಿಲ್ಲ, ಯಾಕೆಂದರೆ ಅಷ್ಟು ದೀರ್ಘ ಕಾಲ ಅವರು ಬದುಕಿಯೇ ಇರಲಿಲ್ಲ ಎಂದರು. ಹಳ್ಳಿ ಪಡೆಗಳ ವಿಷಯದಲ್ಲಿ ಇದು ತುಂಬಾ ದೊಡ್ಡ ಮಾತು. ಊರಿನವನಿಗೆ ತನ್ನೂರಿನ ಹಳ್ಳ, ದಿಣ್ಣೆ, ಯಾವ ಗೇಟಿಗೆ ಬೀಗ, ಯಾವ ಸೇತುವೆ ಲಾರಿಯ ಭಾರ ತಡೆಯುತ್ತದೆ ಎಲ್ಲ ಗೊತ್ತು. ನೂರು ವರ್ಷಕ್ಕೆ ನಾಲ್ಕೈದು ಸಲ ಬರುವ ದಿನ ಹೇಗಿರುತ್ತದೆ ಅನ್ನುವುದು ಗೊತ್ತಿರುವುದಿಲ್ಲ.

ವರದಿ ಬಂದ ಕೂಡಲೇ ಏನೂ ಬದಲಾಗಲಿಲ್ಲ, ಯುದ್ಧದ ಕಾಲ ಬೇರೆ. ಪಟ್ಟಣದ ಪಡೆಗಳಿಗೊಂದು ಮಂಡಳಿ, ಹಳ್ಳಿಯ ಪಡೆಗಳಿಗೊಂದು ಸಂಘ, ಸರ್ಕಾರಿ ಕಾಡಿಗೆ ಇನ್ನೊಂದು ಇಲಾಖೆ. ಎಲ್ಲರ ಮೇಲೆ ಒಬ್ಬ ಹೇಳುವವನಿಲ್ಲ. 1943ರ ಡಿಸೆಂಬರಿನಲ್ಲಿ ವಂಗರಟ್ಟ ಸಮೀಪದ ಟಾರವಿಂಜಿಯಲ್ಲಿ ಬರೀ ಹುಲ್ಲಿನ ಬೆಂಕಿ ಆರಿಸಲು ಹೋದ ಹತ್ತು ಸ್ವಯಂಸೇವಕರು ಸತ್ತರು. ಮುಂದಿನ ಎರಡು ತಿಂಗಳಲ್ಲಿ ಇನ್ನಷ್ಟು ಬೆಂಕಿ. ಮತ್ತೆ ಸ್ಟ್ರೆಟನ್, ಮತ್ತೆ ವಿಚಾರಣೆ. ಕೊನೆಗೆ 1945ರ ಏಪ್ರಿಲ್ 2ರಂದು ಕಂಟ್ರಿ ಫೈರ್ ಅಥಾರಿಟಿ ಕೆಲಸ ಶುರುಮಾಡಿತು. ಎಲ್ಲರೂ ಸಿಎಫ್‌ಎ ಅಂತಲೇ ಕರೆಯುವುದು. ಪಡೆಗಳು ಊರಿನವರದೇ ಆಗಿ ಉಳಿದವು. ಲಾರಿ, ರೇಡಿಯೊ, ತರಬೇತಿ, ಆಜ್ಞೆಯ ಸರಪಳಿ ಒಂದಾದವು.

ಈಗ ಗಾಳಿಯ ವಿಷಯಕ್ಕೆ ಬರೋಣ. ಬೆಂಕಿ ಪಡೆಯವರ ಸಾವುಗಳನ್ನು ಓದುತ್ತಾ ಹೋದರೆ ಮತ್ತೆ ಮತ್ತೆ ಸಿಗುವುದು ಇದೇ.

ವಿಕ್ಟೋರಿಯಾದ ಬೇಸಿಗೆಯ ಕೆಟ್ಟ ದಿನಗಳಿಗೆ ಒಂದು ಕ್ರಮವಿದೆ. ಬೆಳಿಗ್ಗೆಯಿಂದ ಖಂಡದ ಒಳಗಿನ ಮರುಭೂಮಿಯ ಬಿಸಿ ಒಣಗಾಳಿ ವಾಯವ್ಯದಿಂದ ಬೀಸುತ್ತದೆ. ಬೆಂಕಿ ಆಗ್ನೇಯಕ್ಕೆ ಓಡುತ್ತದೆ. ಅದು ದುಂಡಗೆ ಹರಡುವುದಿಲ್ಲ, ಉದ್ದಕ್ಕೆ ಸಪೂರವಾಗಿ ಚಾಚುತ್ತದೆ. ಇಪ್ಪತ್ತು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲ ಅಂತಿಟ್ಟುಕೊಳ್ಳಿ. ಓಡುವ ಮುಂತುದಿ, ಅಂದರೆ ತಲೆಯ ಕಡೆ ಯಾರೂ ನಿಲ್ಲಲಾಗದು, ಮೇಲಿನ ಲೆಕ್ಕ ನೋಡಿದಿರಲ್ಲ. ಆದ್ದರಿಂದ ಪಡೆಯವರು ಬಾಲದಿಂದ ಶುರುಮಾಡಿ ಬದಿಗುಂಟ ಆರಿಸುತ್ತಾ ಹೋಗುತ್ತಾರೆ. ಬದಿಯಲ್ಲಿ ಬೆಂಕಿ ಗಾಳಿಗೆ ಅಡ್ಡವಾಗಿ ತೆವಳುತ್ತಿರುತ್ತದೆ, ಜ್ವಾಲೆ ಗಿಡ್ಡ, ಕೆಲಸ ಸಾಧ್ಯ.

ಸಂಜೆಯ ಹೊತ್ತಿಗೆ ದಕ್ಷಿಣ ಸಮುದ್ರದ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ದಿಕ್ಕು ವಾಯವ್ಯದಿಂದ ನೈಋತ್ಯಕ್ಕೆ ತಿರುಗುತ್ತದೆ. ಪಟ್ಟಣದವರು ಉಸ್ಸಪ್ಪಾ ಅಂತ ಕಿಟಕಿ ತೆಗೆಯುವ ಹೊತ್ತು ಅದು. ಕಾಡಿನಲ್ಲಿ ಆಗುವುದೇ ಬೇರೆ. ಅಲ್ಲಿಯವರೆಗೆ ತೆವಳುತ್ತಿದ್ದ ಈಶಾನ್ಯದ ಬದಿಗೆ ಈಗ ಗಾಳಿ ಹಿಂದಿನಿಂದ ಬೀಳುತ್ತದೆ. ಎರಡು ಕಿಲೋಮೀಟರ್ ಅಗಲದ ತಲೆ ಹೋಗಿ ಇಪ್ಪತ್ತು ಕಿಲೋಮೀಟರ್ ಅಗಲದ ತಲೆ ಹುಟ್ಟುತ್ತದೆ. ಸುರಕ್ಷಿತ ಅಂತ ಆ ಬದಿಯಲ್ಲಿ ನಿಂತಿದ್ದವರು ನಿಂತಲ್ಲೇ ಬೆಂಕಿಯ ಎದುರಿಗೆ ಸಿಕ್ಕಿಬೀಳುತ್ತಾರೆ.

1983ರ ಫೆಬ್ರುವರಿ 16, ಬೂದಿ ಬುಧವಾರ. ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ ಎರಡೂ ಸೇರಿ 75 ಸಾವು. ಮೆಲ್ಬರ್ನ್ ಹೊರವಲಯದ ಅಪ್ಪರ್ ಬೀಕನ್ಸ್‌ಫೀಲ್ಡ್‌ನಲ್ಲಿ ಗಾಳಿ ತಿರುಗಿ 12 ಸ್ವಯಂಸೇವಕರು ಲಾರಿಗಳ ಜೊತೆಗೇ ಬಲಿಯಾದರು. 1998ರ ಡಿಸೆಂಬರ್ 2ರಂದು ಲಿಂಟನ್ ಬಳಿ ಮತ್ತೆ ಅದೇ. ಜೀಲಾಂಗ್ ವೆಸ್ಟ್ ಪಡೆಯ ಐವರು, ನೀರು ತುಂಬಿಸಿಕೊಳ್ಳಲು ಹೊರಟಿದ್ದಾಗ, ಬದಿಗುಂಟ ಇದ್ದ ಕಾಡುದಾರಿಯಲ್ಲಿ. ಆ ಬೆಂಕಿ ದೊಡ್ಡದೂ ಆಗಿರಲಿಲ್ಲ. ಅದಾದ ಮೇಲೆ ತರಬೇತಿ ಇಲ್ಲದವರು ಲಾರಿ ಹತ್ತುವಂತಿಲ್ಲ ಎಂದಾಯಿತು. ಟ್ಯಾಂಕನ್ನು ಪೂರ್ತಿ ಖಾಲಿ ಮಾಡುವಂತಿಲ್ಲ, ಸಿಕ್ಕಿಬಿದ್ದರೆ ತಮ್ಮನ್ನು ಕಾಪಾಡಿಕೊಳ್ಳಲು ಸ್ವಲ್ಪ ನೀರು ಉಳಿಸಿಯೇ ಹಿಂತಿರುಗಬೇಕು. ಸಾಧ್ಯವಾದಷ್ಟೂ ಆಗಲೇ ಸುಟ್ಟು ಕಪ್ಪಾದ ನೆಲದ ಮೇಲೆ ಅಥವಾ ಅದರ ಅಂಚಿನಲ್ಲೇ ಇರಬೇಕು. ಸುಟ್ಟದ್ದು ಮತ್ತೆ ಸುಡುವುದಿಲ್ಲವಲ್ಲ.

ಬೆಂಕಿ ತಾಗಿಯೇ ಸಾಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಜ್ವಾಲೆ ಮುಟ್ಟುವುದಕ್ಕೂ ಮುಂಚೆಯೇ ಅದರಿಂದ ಸೂಸುವ ಶಾಖ ಕೊಲ್ಲುತ್ತದೆ. ನಡುಮಧ್ಯಾಹ್ನದ ಸೂರ್ಯ ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಸುರಿಸುತ್ತಾನೆ. ದೊಡ್ಡ ಕಾಡ್ಗಿಚ್ಚಿನ ಎದುರು ಇದು ಹತ್ತಾರು ಪಟ್ಟು. ಆದರೆ ಈ ಶಾಖ ಬೆಳಕಿನಂತೆ ನೇರ ಗೆರೆಯಲ್ಲಿ ಮಾತ್ರ ಬರುತ್ತದೆ, ಅಡ್ಡ ಏನಿದ್ದರೂ ತಡೆಯುತ್ತದೆ. 1969ರ ಜನವರಿಯಲ್ಲಿ ಮೆಲ್ಬರ್ನ್–ಜೀಲಾಂಗ್ ಹೆದ್ದಾರಿಯ ಲಾರಾ ಬಳಿ ಹುಲ್ಲಿನ ಬೆಂಕಿ ರಸ್ತೆಗೆ ಅಡ್ಡ ಬಂತು. ಕಾರು ಬಿಟ್ಟು ಓಡಿದ ಹಲವರು ಸತ್ತರು. ಗಾಜು ಏರಿಸಿ ಕಾರಿನಲ್ಲೇ ಕುಳಿತವರು ಉಳಿದರು. ಪೆಟ್ರೋಲ್ ಟ್ಯಾಂಕ್ ಸಿಡಿಯುತ್ತೆ ಅನ್ನುವ ಭಯಕ್ಕಿಂತ ತಗಡಿನ ಗೋಡೆಯ ಆಸರೆ ದೊಡ್ಡದಾಗಿತ್ತು. ಹುಲ್ಲಿನ ಬೆಂಕಿ ಒಂದು ಜಾಗವನ್ನು ದಾಟಿಹೋಗಲು ಬಹಳ ಹೊತ್ತು ಬೇಡ, ಆ ಹೊತ್ತು ಕಳೆದರೆ ಆಯಿತು. ಕಾಡಿನ ಬೆಂಕಿಗೆ ಇದು ಇಷ್ಟೇ ಭರವಸೆಯ ಉಪಾಯವಲ್ಲ, ಅಲ್ಲಿ ಮರಗಳು ತುಂಬಾ ಹೊತ್ತು ಉರಿಯುತ್ತವೆ.

ಈಗಿನ ಸಿಎಫ್‌ಎ ಲಾರಿಗಳಲ್ಲಿ ಈ ತಿಳಿವಳಿಕೆಯನ್ನು ಕಣ್ಣಾರೆ ನೋಡಬಹುದು. ಕ್ಯಾಬಿನ್ನಿನ ಕಿಟಕಿಗಳಿಗೆ ಶಾಖವನ್ನು ಹಿಂದಕ್ಕೆ ಹೊಡೆಯುವ ಬೆಳ್ಳಿ ಬಣ್ಣದ ಪರದೆಗಳು, ಲಾರಿಯ ಸುತ್ತ ನೀರು ಚಿಮ್ಮುವ ಕೊಳವೆ, ಸೀಟಿನ ಹತ್ತಿರ ಉಣ್ಣೆಯ ಕಂಬಳಿ. ಉಣ್ಣೆ ನೈಲಾನಿನಂತೆ ಕರಗಿ ಮೈಗೆ ಅಂಟುವುದಿಲ್ಲ, ಕರಿಕಾಗುತ್ತದೆ ಅಷ್ಟೆ. ಪ್ರತಿ ಬೇಸಿಗೆಗೆ ಮುಂಚೆ ಇದರ ಡ್ರಿಲ್ ಮಾಡುತ್ತಾರೆ: ಬೋಳು ನೆಲ ಹುಡುಕಿ ನಿಲ್ಲಿಸು, ಇಂಜಿನ್ ಓಡುತ್ತಿರಲಿ, ದೀಪ ಉರಿಯುತ್ತಿರಲಿ, ಗಾಜು ಏರಿಸು, ಪರದೆ ಎಳೆ, ಚಿಮ್ಮುಕೊಳವೆ ತೆರೆ, ಕಿಟಕಿಯ ಮಟ್ಟಕ್ಕಿಂತ ಕೆಳಗೆ ಬಗ್ಗು, ಕಂಬಳಿ ಹೊದೆ. ಜೋಕು ಹೊಡೆಯುತ್ತಾ ಡ್ರಿಲ್ ಮಾಡಿದರೂ ಪರವಾಗಿಲ್ಲ, ಕೈಗೆ ಅಭ್ಯಾಸವಾಗಬೇಕು.

ಕೆಟ್ಟ ದಿನ ಯಾವುದು ಅಂತ ಮೊದಲೇ ಹೇಳಲು ಸಾಧ್ಯವೇ? ಆಸ್ಟ್ರೇಲಿಯಾದ ಕಾಡುವಿಜ್ಞಾನಿ ಅಲನ್ ಮೆಕಾರ್ಥರ್ 1950–60ರ ದಶಕಗಳಲ್ಲಿ ನೂರಾರು ಸಣ್ಣ ಬೆಂಕಿಗಳನ್ನು ತಾವೇ ಹಾಕಿಸಿ ಅಳೆದರು. ಶಾಖ, ತೇವ, ಗಾಳಿ, ಬರಗಾಲ ಇವನ್ನು ತಿರುಗಿಸಿದರೆ ಅಪಾಯದ ಅಂಕ ತೋರಿಸುವ ದುಂಡನೆಯ ರಟ್ಟಿನ ತಿರುಗಣೆ ಮಾಡಿದರು. ಯಾವ ಹಳ್ಳಿ ಕ್ಯಾಪ್ಟನ್ ಬೇಕಾದರೂ ಬಳಸಬಹುದಾಗಿತ್ತು. ನೂರು ಅಂದರೆ 1939ರ ಆ ಶುಕ್ರವಾರ. ಅದಕ್ಕಿಂತ ಮೇಲೆ ಬೇಕಾದೀತು ಅಂತ ಆಗ ಅನಿಸಿರಲಿಲ್ಲ. ಇಳಿಜಾರಿನ ನಿಯಮವೂ ಅವರದೇ: ಪ್ರತಿ ಹತ್ತು ಡಿಗ್ರಿ ಏರಿಗೆ ಬೆಂಕಿಯ ವೇಗ ಎರಡು ಪಟ್ಟು. ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರವಾಗಿ ಅದನ್ನು ಮೊದಲೇ ಒಣಗಿಸಿಬಿಡುತ್ತದೆ. 2009ರ ಫೆಬ್ರುವರಿ 7ರ ಶನಿವಾರ ಮೆಲ್ಬರ್ನ್ 46.4 ಡಿಗ್ರಿ ಮುಟ್ಟಿತು, ಅಂಕ ನೂರು ದಾಟಿ ಹೋಯಿತು. ಉರಿಯುವ ತೊಗಟೆ ಚೂರುಗಳು ಗಾಳಿಯಲ್ಲಿ 30 ಕಿಲೋಮೀಟರ್ ಮುಂದೆ ಬಿದ್ದು ಹೊಸ ಬೆಂಕಿ ಹಚ್ಚಿದವು. 173 ಮಂದಿ ಸತ್ತರು. ಅಂಥ ದಿನ ಲಾರಿ, ಹೆಲಿಕಾಪ್ಟರ್ ಯಾವುದೂ ಮುಂದೆ ನಿಲ್ಲದು. ಜನರನ್ನು ಮೊದಲೇ ಹೊರಡಿಸುವುದೊಂದೇ ದಾರಿ.

ಈ ತೊಗಟೆ ಹಾರಿಸುವ ಮರದ ಬಂಧುಗಳು ನಮಗೂ ಹೊಸಬರಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ನಂದಿಬೆಟ್ಟಕ್ಕೆ ನೀಲಗಿರಿ ಬಂತು ಎನ್ನುತ್ತಾರೆ. ಕರ್ನಾಟಕ ಸರ್ಕಾರ 2017ರಲ್ಲಿ ಹೊಸ ನೀಲಗಿರಿ ನೆಡುವುದನ್ನು ನಿಲ್ಲಿಸಿದ್ದು ಅಂತರ್ಜಲದ ಕಾರಣಕ್ಕೆ, ಬೆಂಕಿಯ ಕಾರಣಕ್ಕಲ್ಲ. ಬೇಗ ಹೊತ್ತಿಕೊಳ್ಳುವ ಎಣ್ಣೆಯಂತೂ ಎರಡೂ ಕಡೆಯ ಎಲೆಯಲ್ಲಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಪಡೆಯವರ ಹೆಚ್ಚಿನ ಗಂಟೆಗಳು ಹೋಗುವುದು ಜ್ವಾಲೆ ಇಲ್ಲದ ಕೆಲಸಕ್ಕೆ. ಸಾಲು ದಾಟಿಹೋದ ಮೇಲೆ ಬೊಡ್ಡೆ, ಬೇರು ನೆಲದಡಿ ದಿನಗಟ್ಟಲೆ ಕನಲುತ್ತಿರುತ್ತವೆ. ಹೊಗೆಯೂ ಕಾಣದಿರಬಹುದು. ಸ್ವಯಂಸೇವಕ ಗ್ಲೌಸ್ ತೆಗೆದು, ಅಂಗೈಯಲ್ಲ, ಕೈಯ ಹಿಂಬದಿಯನ್ನು ಮಣ್ಣಿನ ಹತ್ತಿರ ಹಿಡಿದು ನೋಡುತ್ತಾನೆ. ಬಿಸಿ ತಾಗಿದಲ್ಲಿ ಅಗೆದು ನೀರು ಬಿಟ್ಟು ಕಲಸುತ್ತಾನೆ. ಮತ್ತೆ ನೋಡುತ್ತಾನೆ. ಬೇಜಾರಿನ, ಮಸಿ ಮೆತ್ತುವ ಕೆಲಸ. ಬಿಟ್ಟರೆ ಮುಂದಿನ ಗಾಳಿಯ ದಿನ ಅಲ್ಲಿಂದಲೇ ಎದ್ದೀತು.

2019ರ ಕೊನೆಯಲ್ಲಿ ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ತಿಂಗಳುಗಟ್ಟಲೆ ಉರಿದಾಗ ಈ ಬಿಟ್ಟಿ ದುಡಿಮೆಗೆ ಒಂದು ಮಿತಿ ಇದೆ ಎಂಬುದು ಕಂಡಿತು. ಬೆಂಕಿಯ ಸುಂಟರಗಾಳಿಯೊಂದು ಆಳುಗಳಿದ್ದ ಲಾರಿಯನ್ನೇ ಮಗುಚಿ ಹಾಕಿದ ಬೇಸಿಗೆ ಅದು. ಹತ್ತು ದಿನಕ್ಕಿಂತ ಹೆಚ್ಚು ದುಡಿದವರಿಗೆ ದಿನಕ್ಕೆ 300 ಡಾಲರ್‌ವರೆಗೆ, ಒಟ್ಟು 6,000 ಮೀರದಂತೆ ಪರಿಹಾರ ಕೊಡುವುದಾಗಿ ಕೇಂದ್ರ ಸರ್ಕಾರ ಹೇಳಿತು. ಪಡೆಯವರಲ್ಲೇ ಬೇಕು ಅನ್ನುವವರೂ ಇದ್ದರು, ದುಡ್ಡು ಬಂದರೆ ಇದು ಊರಿನ ಕೆಲಸವಾಗಿ ಉಳಿಯುವುದಿಲ್ಲ ಅನ್ನುವವರೂ ಇದ್ದರು. ನನಗೆ ಮೊದಲಿನವರ ಮಾತೇ ಸರಿ ಅನಿಸುತ್ತದೆ. ಸಾಲದ ಕಂತಿಗೆ ಬೆಂಕಿಯ ರಜೆ ಇರುವುದಿಲ್ಲ ಅಲ್ವಾ?

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಹೊಲಗಳು ಒಂದಕ್ಕೊಂದು ಸೇರಿ ದೊಡ್ಡವಾದವು, ಒಕ್ಕಲುಗಳು ಕಡಿಮೆಯಾದವು, ಹುಡುಗರು ಪಟ್ಟಣ ಸೇರಿದರು, ಪಡೆಯಲ್ಲಿ ತಲೆ ನರೆತವರೇ ಜಾಸ್ತಿ. ಊರಲ್ಲಿ ಉಳಿದ ಎಷ್ಟೋ ಮಂದಿಯೂ ಕೆಲಸಕ್ಕೆ ದೂರದ ಪಟ್ಟಣಕ್ಕೆ ಓಡಾಡುವವರು. ಗಾಳಿಯ ತೇವ ತೀರಾ ಇಳಿದು, ಹುಲ್ಲು ಗರಿಗರಿಯಾಗಿ, ಬೆಂಕಿ ಅತಿ ಸುಲಭವಾಗಿ ಹಬ್ಬುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ವಾರದ ದಿನಗಳಲ್ಲಿ ಲಾರಿಗೆ ಆಳು ಸಿಗುವುದು ಕಷ್ಟವಾಗುವುದೂ ಅದೇ ಹೊತ್ತಿನಲ್ಲಿ.