ಬಿಸಿಯೇರುತ್ತಿರುವ ಪಡುಗಡಲು

ಚಂಡಮಾರುತಗಳ ತವರೆಂದರೆ ಬಂಗಾಳಕೊಲ್ಲಿ, ಅರಬ್ಬಿ ಸಮುದ್ರದ ಅಬ್ಬರವೇನಿದ್ದರೂ ಮುಂಗಾರಿನ ತಿಂಗಳುಗಳಿಗೆ ಸೀಮಿತ ಎಂಬ ತಿಳಿವಳಿಕೆಯಲ್ಲೇ ನಮ್ಮ ಕರಾವಳಿ ಬಹುಕಾಲ ಬದುಕಿತು. ಅದಕ್ಕೆ ಭೌತಿಕ ಕಾರಣಗಳೂ ಇದ್ದವು. ಚಂಡಮಾರುತ ಹುಟ್ಟಬೇಕಾದರೆ ಸಮುದ್ರದ ಮೇಲ್ಮೈ ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ಕೆಳಗಿನ ಮತ್ತು ಮೇಲಿನ ವಾಯುಪದರಗಳಲ್ಲಿ ಬೀಸುವ ಗಾಳಿಯ ವೇಗ, ದಿಕ್ಕುಗಳ ನಡುವೆ ಹೆಚ್ಚಿನ ಅಂತರವೂ ಇರಬಾರದು. ಮುಂಗಾರಿನಲ್ಲಿ ಈ ಅಂತರ ವಿಪರೀತವಾಗಿರುವುದರಿಂದ ಸುಳಿ ಕಟ್ಟಿಕೊಳ್ಳುವ ಮೊದಲೇ ಚದುರಿಹೋಗುತ್ತದೆ. ಅದೇ ಗಾಳಿ ಸೊಮಾಲಿಯಾ ಮತ್ತು ಒಮಾನ್ ತೀರಗಳಲ್ಲಿ ಮೇಲ್ಮೈ ನೀರನ್ನು ದೂರ ಸರಿಸಿ, ಆಳದ ತಣ್ಣೀರು ಮೇಲೇಳುವಂತೆ ಮಾಡಿ, ಇಡೀ ಕಡಲನ್ನು ತಂಪಾಗಿಡುತ್ತಿತ್ತು. ಉಳಿದ ಅವಕಾಶ ಮುಂಗಾರಿಗೆ ಮುಂಚಿನ ಹಾಗೂ ಅದರ ನಂತರದ ಕೆಲವೇ ವಾರಗಳದ್ದು.

ಈಗ ಬದಲಾಗಿರುವುದು ಆ ವಾರಗಳಲ್ಲಿ ಕಡಲು ತನ್ನೊಳಗೆ ತುಂಬಿಕೊಂಡಿರುವ ಶಾಖದ ಪ್ರಮಾಣ. ಹಸಿರುಮನೆ ಅನಿಲಗಳು ಭೂಮಿಯಲ್ಲಿ ಹಿಡಿದಿಟ್ಟ ಹೆಚ್ಚುವರಿ ಶಾಖದ ಶೇ. 90ಕ್ಕೂ ಹೆಚ್ಚು ಭಾಗ ಸೇರಿರುವುದು ಸಾಗರಗಳನ್ನು. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ, 1951ರಿಂದ 2015ರ ನಡುವೆ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಸರಾಸರಿ 1 ಡಿಗ್ರಿ ಬಿಸಿಯಾಗಿದೆ; ಜಗತ್ತಿನ ಎಲ್ಲ ಸಾಗರಗಳ ಸರಾಸರಿ ಏರಿಕೆ 0.7 ಡಿಗ್ರಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೇಧಾ ದೇಶಪಾಂಡೆ ಮತ್ತು ಸಂಗಡಿಗರು 1982ರಿಂದ 2019ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಅವಧಿಯ ಮೊದಲರ್ಧಕ್ಕೆ ಹೋಲಿಸಿದರೆ ಉತ್ತರಾರ್ಧದಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ. 52ರಷ್ಟು ಹೆಚ್ಚಿದೆಯೆಂದೂ ಬಂಗಾಳಕೊಲ್ಲಿಯಲ್ಲಿ ಅದು ತುಸು ಇಳಿದಿದೆಯೆಂದೂ ಕಂಡುಬಂದಿತು. ಸುಳಿಗಳು ಕಡಲ ಮೇಲೆ ಜೀವಂತವಾಗಿರುವ ಅವಧಿಯೂ ಶೇ. 80ರಷ್ಟು ಹೆಚ್ಚಿತ್ತು. 2019 ಒಂದೇ ವರ್ಷದಲ್ಲಿ ವಾಯು, ಹಿಕ್ಕಾ, ಕ್ಯಾರ್, ಮಹಾ, ಪವನ್ ಎಂಬ ಐದು ಚಂಡಮಾರುತಗಳು ಇಲ್ಲಿ ಎದ್ದವು.

ಇಲ್ಲಿ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಉಪಗ್ರಹಗಳ ನೆರವಿನಿಂದ ಸಿಕ್ಕಿರುವ ನಂಬಲರ್ಹ ದಾಖಲೆ ನಾಲ್ಕೈದು ದಶಕಗಳದ್ದು ಮಾತ್ರ. 2019ರಲ್ಲಂತೂ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ ಪೂರ್ವ ಭಾಗ ತಣ್ಣಗಾಗುವ ಸಹಜ ಏರಿಳಿತವೂ ಬಹಳ ಪ್ರಬಲವಾಗಿತ್ತು. ಹಾಗಿರುವಾಗ ಇದು ಮನುಷ್ಯರ ಕೈವಾಡವೆಂದು ಹೇಗೆ ಹೇಳುವುದು? ಹಿರೊಯುಕಿ ಮುರಕಾಮಿ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಸಂಶೋಧನೆ ಇದಕ್ಕೊಂದು ದಾರಿ ತೋರಿಸುತ್ತದೆ. ವಾತಾವರಣದಲ್ಲಿ 1860ರ ಕಾಲದ ಅನಿಲಗಳ ಪ್ರಮಾಣವಿರುವ ಭೂಮಿಯನ್ನೂ ಇಂದಿನ ಪ್ರಮಾಣವಿರುವ ಭೂಮಿಯನ್ನೂ ಅವರು ಗಣಕ ಮಾದರಿಯಲ್ಲಿ ಬೇರೆ ಬೇರೆಯಾಗಿ ಓಡಿಸಿ, ಎರಡರಲ್ಲೂ ಹುಟ್ಟಿದ ಚಂಡಮಾರುತಗಳನ್ನು ಹೋಲಿಸಿದರು. ಮುಂಗಾರಿನ ನಂತರ ಅರಬ್ಬಿ ಸಮುದ್ರದಲ್ಲಿ ಅತ್ಯಂತ ತೀವ್ರ ಚಂಡಮಾರುತಗಳು ಏಳುವ ಸಾಧ್ಯತೆ ಇಂದಿನ ಭೂಮಿಯಲ್ಲಿ ಹೆಚ್ಚಿತ್ತು. 2014ರ ನಿಲೋಫರ್, 2015ರ ಚಪಲಾ ಮತ್ತು ಮೇಘ್ ಈ ಜಾತಿಯವು. ಸಹಜ ಏರಿಳಿತ ಈಗಲೂ ಇದೆ, ಮುಂದೆಯೂ ಇರುತ್ತದೆ. ಆದರೆ ಅದು ಆಡುತ್ತಿರುವ ನೆಲೆಯೇ ಮೇಲೇರಿದೆ.

ಈ ಬದಲಾವಣೆಯ ಫಲ ಎಲ್ಲೆಲ್ಲಿಗೆ ತಲಪುತ್ತದೆ ಎಂಬುದಕ್ಕೆ 2018ರ ಮೆಕುನು ಚಂಡಮಾರುತಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಆ ಮೇ ತಿಂಗಳಲ್ಲಿ ಅದು ಒಮಾನ್ ತೀರಕ್ಕೆ ಅಪ್ಪಳಿಸಿ, ಅರೇಬಿಯಾದ ಒಳನಾಡಿನ ರುಬ್ ಅಲ್ ಖಾಲಿ ಎಂಬ ಮಹಾ ಮರುಭೂಮಿಯಲ್ಲಿ ಮರಳು ದಿಬ್ಬಗಳ ನಡುವೆ ಕೆರೆಗಳೇ ನಿಲ್ಲುವಷ್ಟು ಮಳೆ ಸುರಿಸಿತು. ಅಕ್ಟೋಬರಿನಲ್ಲಿ ಲುಬಾನ್ ಮತ್ತೆ ಮಳೆ ತಂದಿತು. ಹಸಿ ಮರಳಿನಲ್ಲಿ ಮೊಟ್ಟೆಯಿಟ್ಟ ಮರುಭೂಮಿ ಮಿಡತೆಗಳು, ಕಣ್ಗಾವಲೇ ಇಲ್ಲದ ಆ ಪ್ರದೇಶದಲ್ಲಿ ತಲೆಮಾರಿನ ಮೇಲೆ ತಲೆಮಾರು ಬೆಳೆದು, ಯೆಮೆನ್ ದಾಟಿ ಪೂರ್ವ ಆಫ್ರಿಕಾಕ್ಕೂ, ಇರಾನ್ ಮತ್ತು ಪಾಕಿಸ್ತಾನದ ಮೂಲಕ ರಾಜಸ್ಥಾನ, ಗುಜರಾತುಗಳಿಗೂ ಹಬ್ಬಿದವು. 2020ರಲ್ಲಿ ಕೆನ್ಯಾ ಕಂಡದ್ದು 70 ವರ್ಷಗಳಲ್ಲೇ ಅತ್ಯಂತ ದೊಡ್ಡ ಮಿಡತೆ ದಾಳಿ. ಕಡಲನ್ನೇ ನೋಡಿರದ ರೈತನೊಬ್ಬನ ಪೈರು ಹೋದದ್ದರ ಹಿಂದೆ ಅರಬ್ಬಿ ಸಮುದ್ರದ ಶಾಖವಿತ್ತು.

ಮಳೆಯ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹಿಡಿದಿಡಬಲ್ಲದು. ಪುಣೆಯ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, 1950–2015ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ವಿಪರೀತ ಮಳೆಯ ಘಟನೆಗಳು ಮೂರು ಪಟ್ಟಾಗಿವೆ, ಅದೂ ಮುಂಗಾರಿನ ಒಟ್ಟು ಮಳೆ ಇಳಿಮುಖವಾಗಿದ್ದಾಗ. ಅದಕ್ಕೆ ತೇವವನ್ನು ತಂದು ಸುರಿಯುವುದು ಅರಬ್ಬಿ ಸಮುದ್ರದಿಂದ ಬರುವ ಗಾಳಿಯ ಪ್ರಬಲ ಹೊಯ್ಲುಗಳು.

ನೀರಿನೊಳಗಿನ ಪರಿಣಾಮ ಕಣ್ಣಿಗೆ ಕಾಣುವುದಿಲ್ಲ, ಊಟದ ತಟ್ಟೆಯಲ್ಲಿ ಕಾಣುತ್ತದೆ. ಮೇಲ್ಮೈ ನೀರು ಬಿಸಿಯಾದಷ್ಟೂ ಹಗುರವಾಗಿ, ಕೆಳಗಿನ ತಣ್ಣೀರಿನೊಡನೆ ಬೆರೆಯದೆ ಮೇಲೆಯೇ ನಿಲ್ಲುತ್ತದೆ; ಆಳದ ಪೋಷಕಾಂಶಗಳು ಬೆಳಕಿರುವ ಪದರಕ್ಕೆ ಬರಲಾರವು; ಅವನ್ನು ನಂಬಿದ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಜೀವಿಗಳು, ಕುಗ್ಗುತ್ತವೆ. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಇವು ಶೇ. 20ರವರೆಗೆ ಇಳಿದಿವೆಯೆಂದು 2016ರ ಅಧ್ಯಯನವೊಂದು ಅಂದಾಜಿಸಿತು. ನಮ್ಮ ಬೂತಾಯಿ ಮೀನು ಬದುಕುವುದು ಪ್ಲವಕಗಳನ್ನು ತಿಂದೇ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,300 ಟನ್ನಿನ ಆಸುಪಾಸಿಗೆ ಕುಸಿಯಿತು. ಈ ಕುಸಿತದಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಆಗಾಗ ಬೆಚ್ಚಗಾಗುವ ಸಹಜ ಏರಿಳಿತ) ಮತ್ತು ಅತಿಯಾದ ಮೀನುಗಾರಿಕೆಯ ಪಾಲೂ ಇರುವುದರಿಂದ ಎಲ್ಲವನ್ನೂ ತಾಪಮಾನದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಏರಿಳಿತಕ್ಕೆ ಮೊದಲೇ ಹೆಸರಾದ ಮೀನೊಂದಕ್ಕೆ ಚೇತರಿಸಿಕೊಳ್ಳುವ ಅವಕಾಶವನ್ನು ಬಿಸಿನೀರು ಕಿರಿದಾಗಿಸುತ್ತದೆ.

ನನ್ನನ್ನು ಹೆಚ್ಚು ಕಾಡುವುದು ದೋಣಿಗಳಲ್ಲಿರುವವರ ಸ್ಥಿತಿ. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ಜೂನ್ 1ರಿಂದ ಜುಲೈ 31ರವರೆಗೆ. 2021ರ ತೌಕ್ತೆ ನಮ್ಮ ಕರಾವಳಿಯನ್ನು ಕೊರೆದುಕೊಂಡು ಗುಜರಾತಿಗೆ ಹೋದದ್ದು ಮೇ ಮಧ್ಯದಲ್ಲಿ, 2017ರ ಓಖಿ ಕೇರಳ ಮತ್ತು ಕನ್ಯಾಕುಮಾರಿಯ ಅನೇಕ ಮೀನುಗಾರರನ್ನು ಬಲಿ ತೆಗೆದುಕೊಂಡದ್ದು ನವೆಂಬರ್ ಕೊನೆಯಲ್ಲಿ. ಎರಡೂ ದೋಣಿಗಳು ಕಡಲಲ್ಲಿರುವ ಕಾಲ. ಒಂದು ದಿನದೊಳಗೆ ಗಾಳಿಯ ವೇಗ ಗಂಟೆಗೆ 55 ಕಿಲೋಮೀಟರ್‌ನಷ್ಟು ಏರುವ ಕ್ಷಿಪ್ರ ತೀವ್ರತೆ ಮುನ್ಸೂಚನೆಗೆ ಇನ್ನೂ ಸವಾಲಾಗಿದೆ. ಅನಿಲಗಳ ಹೊರಸೂಸುವಿಕೆ ಹೀಗೇ ಮುಂದುವರಿದರೆ, 1970–2000ರ ನಡುವೆ ವರ್ಷಕ್ಕೆ ಸುಮಾರು 20 ದಿನವಿದ್ದ ಹಿಂದೂ ಮಹಾಸಾಗರದ ಬಿಸಿಅಲೆಗಳು (ನೀರು ವಾಡಿಕೆಗಿಂತ ಬಹಳ ಬಿಸಿಯಾಗಿಯೇ ಉಳಿಯುವ ದಿನಗಳು) ಈ ಶತಮಾನದ ಕೊನೆಗೆ 220ರಿಂದ 250 ದಿನಗಳಾಗಬಹುದೆಂದು ಕೋಲ್ ಅವರ ತಂಡ 2024ರಲ್ಲಿ ಅಂದಾಜಿಸಿದೆ. ಉಪಗ್ರಹ ನೋಡುವುದು ನೀರಿನ ಮೇಲ್ಮೈಯನ್ನು. ಸುಳಿಗೆ ಬಲ ಕೊಡುವ ಶಾಖ ಹತ್ತಾರು ಮೀಟರ್ ಆಳದವರೆಗೂ ಇರುತ್ತದೆ. ಅದನ್ನು ಅಳೆಯುವ ತೇಲು ಉಪಕರಣಗಳು ಪಡುಗಡಲಿನಲ್ಲಿ ಹೆಚ್ಚಬೇಕು, ಆ ಅಳತೆಯಿಂದ ಹೊರಟ ಎಚ್ಚರಿಕೆ ಮಲ್ಪೆಯಿಂದ ಹೊರಟು ಆಳಸಮುದ್ರದಲ್ಲಿ ಬಲೆ ಬಿಟ್ಟು ಕೂತಿರುವ ದೋಣಿಗೂ ಮುಟ್ಟಬೇಕು.