ಬೇರ್ಪಡಿಸಲು ಬಂದರೆ ಮಿಶ್ರಣ, ಬಾರದಿದ್ದರೆ ಸಂಯುಕ್ತವೇ?

ಪ್ರಶ್ನೆ: ಸರ್, ಘಟಕಗಳನ್ನು ಬೇರ್ಪಡಿಸಲು ಸಾಧ್ಯವಾದರೆ ಅದು ಮಿಶ್ರಣ, ಆಗದಿದ್ದರೆ ಸಂಯುಕ್ತ ಎಂದು ಕಲಿತಿದ್ದೇನೆ. ಆದರೆ ವಿದ್ಯುತ್ ಹಾಯಿಸಿ ನೀರನ್ನೂ ಒಡೆಯಬಹುದಲ್ಲ? ಹಾಗಿದ್ದರೆ ನೀರೇಕೆ ಮಿಶ್ರಣವಲ್ಲ?

ಉತ್ತರ: ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಆದರೂ ಈ ಸಲ ಕೇಳಿದವರು ಕಂಠಪಾಠದ ಸೂತ್ರವನ್ನು ಪ್ರಶ್ನಿಸಿಯೇ ಕೇಳಿದ್ದಾರೆ. ಅಷ್ಟರಮಟ್ಟಿಗೆ ಅರ್ಧ ಉತ್ತರ ಅವರ ಕೈಯಲ್ಲೇ ಇದೆ.

ಧಾತುವಿನದು ದೊಡ್ಡ ತಕರಾರಲ್ಲ. ಒಂದೇ ಬಗೆಯ ಪರಮಾಣುಗಳಿದ್ದರೆ ಧಾತು. ಎರಡು ಪರಮಾಣುಗಳು ಸೇರಿ ಅಣುವಾದ ಮಾತ್ರಕ್ಕೆ ಆಕ್ಸಿಜನ್ ಸಂಯುಕ್ತವಾಗುವುದಿಲ್ಲ. ಗೊಂದಲವೆಲ್ಲ ಉಳಿದೆರಡರಲ್ಲಿದೆ, ಅದಕ್ಕೆ ಕಾರಣ ಆ ಹಾಳು ಸೂತ್ರ.

ನಿಕಲ್ಸನ್ ಮತ್ತು ಕಾರ್ಲೈಲ್ 1800ರಲ್ಲೇ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್, ಆಕ್ಸಿಜನ್ ಪಡೆದಿದ್ದರು. ಅದಕ್ಕೂ ಮೊದಲು, 1774ರಲ್ಲಿ, ಪ್ರೀಸ್ಟ್ಲಿ ಪಾದರಸದ ಕೆಂಪು ಆಕ್ಸೈಡನ್ನು ಬರಿಯ ಬಿಸಿಲಿನಿಂದ, ಮಸೂರ ಹಿಡಿದು ಕಾಯಿಸಿ ಆಕ್ಸಿಜನ್ ಬಿಡಿಸಿಕೊಂಡಿದ್ದ. ಇನ್ನೊಂದು ಕಡೆ ಸುಣ್ಣವನ್ನು ನೋಡಿ. ಅದನ್ನು ಒಡೆಯಲು ಯಾರಿಂದಲೂ ಆಗದ ಕಾರಣ 1789ರಲ್ಲಿ ಲವಾಸಿಯೇ ಅದನ್ನು ಧಾತುಗಳ ಪಟ್ಟಿಗೇ ಸೇರಿಸಿದ್ದ. 1808ರಲ್ಲಿ ಡೇವಿ ವಿದ್ಯುತ್ ಬಳಸಿ ಅದರಿಂದ ಕ್ಯಾಲ್ಸಿಯಂ ತೆಗೆದ. ಆ ಹತ್ತೊಂಬತ್ತು ವರ್ಷಗಳಲ್ಲಿ ಸುಣ್ಣವೇನೂ ಬದಲಾಗಲಿಲ್ಲ, ನಮ್ಮ ಸಲಕರಣೆ ಬದಲಾಯಿತು. ಒಡೆಯಲು ಆಗುತ್ತದೋ ಇಲ್ಲವೋ ಎಂಬುದು ನಮ್ಮ ಶಕ್ತಿಯ ಲೆಕ್ಕ, ವಸ್ತುವಿನ ಸ್ವಭಾವದ ಲೆಕ್ಕವಲ್ಲ.

‘ಭೌತಿಕ ವಿಧಾನದಿಂದ ಬೇರ್ಪಡಿಸಬಹುದಾದದ್ದು’ ಎಂದು ತಿದ್ದಿದರೆ ಸೂತ್ರ ಎಷ್ಟೋ ವಾಸಿ. ಹೆಚ್ಚಿನವರು ಬಾಯಿಪಾಠ ಮಾಡುವಾಗ ಬಿಟ್ಟುಬಿಡುವುದೇ ಆ ಪದಗಳನ್ನು. ಆದರೂ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಎಥನಾಲ್ ಮತ್ತು ನೀರಿನ ದ್ರಾವಣವನ್ನು ಭಟ್ಟಿ ಇಳಿಸುತ್ತಾ ಹೋದರೆ ತೂಕದಲ್ಲಿ ಸುಮಾರು 95.6 ಶೇಕಡಾ ಎಥನಾಲ್ ತಲುಪಿದಾಗ ಕೆಲಸ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ದ್ರವದಲ್ಲಿ ಯಾವ ಪ್ರಮಾಣವೋ ಆವಿಯಲ್ಲೂ ಅದೇ ಪ್ರಮಾಣ. ಕುದಿಯುವ ಉಷ್ಣತೆಯೂ ಅಲುಗಾಡುವುದಿಲ್ಲ. ಥೇಟ್ ಸಂಯುಕ್ತದ ನಡವಳಿಕೆ! ಆದರೆ ಹೊರಗಿನ ಒತ್ತಡವನ್ನು ಬದಲಿಸಿ ನೋಡಿ, ಆ 95.6 ಎಂಬ ಅಂಕಿಯೇ ಬದಲಾಗುತ್ತದೆ. ಅಲ್ಲಿಗೆ ಅದು ಮಿಶ್ರಣವೆಂಬುದು ಬಯಲಾಯಿತು.

ಹಾಗಾದರೆ ನಿಜವಾಗಿ ಕೇಳಬೇಕಾದದ್ದು ಎರಡು. ಘಟಕಗಳ ಪ್ರಮಾಣ ನಮ್ಮಿಷ್ಟಕ್ಕೆ ಬದಲಾಗುತ್ತದೆಯೇ? ಅವುಗಳ ಮೂಲ ಗುಣ ಉಳಿದಿದೆಯೇ? ನೀರನ್ನು ಎಲ್ಲಿಂದ ತಂದರೂ ತೂಕದಲ್ಲಿ ಹೈಡ್ರೋಜನ್ ಒಂದು ಪಾಲಿದ್ದರೆ ಆಕ್ಸಿಜನ್ ಸುಮಾರು ಎಂಟು ಪಾಲು. ಹೈಡ್ರೋಜನ್ ಉರಿಯುವ ಅನಿಲ, ಆಕ್ಸಿಜನ್ ಉರಿಸುವ ಅನಿಲ. ನೀರಿನಲ್ಲಿ ಎರಡರ ಚಾಳಿಯೂ ಇಲ್ಲ. ಉತ್ತರ ಇಷ್ಟೇ.

ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬೇಕಾದರೆ ಕಬ್ಬಿಣದ ಪುಡಿ ಮತ್ತು ಗಂಧಕಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಬೆರೆಸಿಟ್ಟಾಗ ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಬೂದು. ಅಯಸ್ಕಾಂತ ಹಿಡಿದರೆ ಕಬ್ಬಿಣ ಎದ್ದು ಬರುತ್ತದೆ. ಪ್ರನಾಳದ ತಳವನ್ನು ಕಾಯಿಸಿ. ಒಂದು ಕಡೆ ಕೆಂಡದಂತೆ ಹೊಳೆಯತೊಡಗಿದೊಡನೆ ಜ್ವಾಲೆಯನ್ನು ಸರಿಸಿಬಿಡಿ. ಆ ಕೆಂಪು ತಾನಾಗಿಯೇ ಮೇಲಕ್ಕೆ ಹಬ್ಬುತ್ತದೆ, ಕೊನೆಗೆ ಕಪ್ಪು ಗಟ್ಟಿ ಉಳಿಯುತ್ತದೆ. 7 ಗ್ರಾಂ ಕಬ್ಬಿಣಕ್ಕೆ 4 ಗ್ರಾಂ ಗಂಧಕ ಬೇಕು. 10 ಗ್ರಾಂ ಕಬ್ಬಿಣ ಹಾಕಿದರೆ 3 ಗ್ರಾಂ ಕಬ್ಬಿಣವಾಗಿಯೇ ಉಳಿಯುತ್ತದೆ. ಮಿಶ್ರಣಕ್ಕಿಲ್ಲದ ಹಟ ಇದು.

ಇಲ್ಲಿ ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಆ ಕಪ್ಪು ಗಟ್ಟಿ ಅಯಸ್ಕಾಂತಕ್ಕೆ ಅಂಟಿಕೊಂಡಾಗ ವಿದ್ಯಾರ್ಥಿಗಳು ಪ್ರಯೋಗ ಕೆಟ್ಟಿತೆಂದು ಸಪ್ಪಗಾಗುತ್ತಾರೆ. ಹೆಚ್ಚಿನ ಸಲ ಉಳಿದುಹೋದ ಕಬ್ಬಿಣವೇ ಅದಕ್ಕೆ ಕಾರಣ. ಆದರೆ ಪ್ರಕೃತಿಯಲ್ಲಿ ಸಿಗುವ ಪಿರೋಟೈಟ್ ಎಂಬ ಕಬ್ಬಿಣದ ಸಲ್ಫೈಡ್ ತಾನೇ ಅಯಸ್ಕಾಂತೀಯವಾಗಿರಬಲ್ಲದು. ಅದರಲ್ಲಿ ಕಬ್ಬಿಣ 7ಕ್ಕೆ 4ರ ಲೆಕ್ಕಕ್ಕಿಂತ ತುಸು ಕಡಿಮೆ, ಅದೂ ಮಾದರಿಯಿಂದ ಮಾದರಿಗೆ ಬೇರೆ. ಹಾಗೆಂದು ಅದು ಮಿಶ್ರಣವಲ್ಲ. ಹರಳಿನ ಜೋಡಣೆಯಲ್ಲಿ ಕಬ್ಬಿಣ ಕೂರಬೇಕಾದ ಕೆಲವು ಸ್ಥಾನಗಳು ಖಾಲಿ ಉಳಿದಿವೆ, ಅಷ್ಟೇ; ಆ ಹರಳಿನಲ್ಲಿ ಬಿಡಿ ಕಬ್ಬಿಣವೂ ಇಲ್ಲ, ಬಿಡಿ ಗಂಧಕವೂ ಇಲ್ಲ. ಸಂಯುಕ್ತದಲ್ಲಿ ಪ್ರಮಾಣ ಸ್ಥಿರ ಎಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರೂಸ್ಟ್ ವಾದಿಸಿದಾಗ, ಬದಲಾಗಬಹುದು ಎಂದು ಎದುರು ನಿಂತವನು ಬರ್ಥೊಲೆ. ಒಟ್ಟಾರೆ ಗೆದ್ದದ್ದು ಪ್ರೂಸ್ಟ್. ಆದರೆ ಪಿರೋಟೈಟ್‌ನಂಥ ಸಂಯುಕ್ತಗಳಿಗೆ ಸಿಕ್ಕಿರುವುದು ಸೋತವನ ಹೆಸರು: ಅವನ್ನು ಬರ್ಥೊಲೈಡ್‌ಗಳು ಎನ್ನುತ್ತಾರೆ.