ಸರಿಯಾದ ಪ್ರಾಣಿ ಸಿಕ್ಕರೆ ಅರ್ಧ ಪ್ರಯೋಗ ಮುಗಿದ ಹಾಗೆ

ಮನುಷ್ಯನ ಒಂದು ನರತಂತುವಿನ ಒಳಗೆ ತಂತಿ ತೂರಿಸಿ, ಅಲ್ಲಿ ಎಷ್ಟು ವೋಲ್ಟ್ ಇದೆ ನೋಡೋಣ ಅಂದರೆ ಆಗೋ ಮಾತಲ್ಲ. ನಮ್ಮ ಮೈಯಲ್ಲಿರುವ ಅತಿ ದಪ್ಪ ತಂತುವೇ ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗದಷ್ಟು ದಪ್ಪ. ಸಾಲದ್ದಕ್ಕೆ ಅದು ಒಂಟಿಯಾಗಿ ಸಿಗುವುದೂ ಇಲ್ಲ, ಸಾವಿರಾರು ತಂತುಗಳ ಕಂತೆಯೊಳಗೆ ಸೇರಿಕೊಂಡಿರುತ್ತದೆ. ಹೀಗಿದ್ದೂ ನರದಲ್ಲಿ ಸಂಕೇತ ಹೇಗೆ ಓಡುತ್ತದೆ ಅನ್ನೋದು 1952ರ ಹೊತ್ತಿಗೇ, ಅದೂ ಲೆಕ್ಕ ಹಾಕಿ ವೇಗ ಹೇಳುವ ಮಟ್ಟಿಗೆ, ಗೊತ್ತಾಗಿಬಿಟ್ಟಿತ್ತು. ಡಿಎನ್ಎಯ ಆಕಾರ ಪ್ರಕಟವಾಗುವುದಕ್ಕೂ ಒಂದು ವರ್ಷ ಮೊದಲು! ಇದರಲ್ಲಿ ಜಾಣತನದ ಪಾಲು ಇದೆ, ಇಲ್ಲ ಅನ್ನಲ್ಲ. ಆದರೆ ಅಷ್ಟೇ ದೊಡ್ಡ ಪಾಲು, ಆಕ್ಟೋಪಸ್ಸಿನ ನಂಟಿನ ಸ್ಕ್ವಿಡ್ ಎಂಬ ಕಡಲಪ್ರಾಣಿಗೆ ಸೇರಬೇಕು.

ಡೆನ್ಮಾರ್ಕಿನ ಶರೀರವಿಜ್ಞಾನಿ ಆಗಸ್ಟ್ ಕ್ರೋಗ್ 1929ರಲ್ಲಿ ಒಂದು ಮಾತು ಹೇಳಿದ. ಶರೀರವಿಜ್ಞಾನದ ಎಷ್ಟೋ ಪ್ರಶ್ನೆಗಳಿಗೆ, ಆ ಪ್ರಶ್ನೆಯನ್ನು ಅತ್ಯಂತ ಸಲೀಸಾಗಿ ಕೇಳಬಹುದಾದ ಪ್ರಾಣಿಯೊಂದು ಎಲ್ಲೋ ಇದ್ದೇ ಇರುತ್ತದೆ, ಅದನ್ನು ಹುಡುಕಿ ಅಂತ. ಲೋಮನಾಳಗಳಲ್ಲಿ ರಕ್ತದ ಹರಿವು ಹೇಗೆ ಹೆಚ್ಚುಕಡಿಮೆ ಆಗುತ್ತದೆ ಎಂದು ತೋರಿಸಿ 1920ರಲ್ಲೇ ನೊಬೆಲ್ ಪಡೆದಿದ್ದವನ ಮಾತು, ಸುಮ್ನೆ ಬಾಯಿಗೆ ಬಂದಿದ್ದಲ್ಲ. ಈಗ ಇದಕ್ಕೆ ಕ್ರೋಗ್ ಸೂತ್ರ ಅಂತಲೇ ಹೆಸರು. ನನ್ನ ಕೇಳಿದರೆ ಜೀವಭೌತವಿಜ್ಞಾನದ ಪಠ್ಯಪುಸ್ತಕಗಳು ಸಮೀಕರಣಗಳಿಂದ ಶುರುವಾಗೋ ಬದಲು ಇಲ್ಲಿಂದ ಶುರುವಾಗಬೇಕು. ಉಪಕರಣ ಆಮೇಲೆ, ಮೊದಲು ಪ್ರಾಣಿ.

ಬಹಳ ಕಾಲ ಆ ಪ್ರಾಣಿ ಕಪ್ಪೆಯೇ ಆಗಿತ್ತು. ಬೊಲೊನ್ಯಾದ ಗಾಲ್ವಾನಿ 1791ರಲ್ಲಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತು ತಾಗಿದರೆ ಒದೆಯುತ್ತದೆ ಅಂತ ಬರೆದ ದಿನದಿಂದ ಯುರೋಪಿನ ಪ್ರಯೋಗಶಾಲೆಗಳಲ್ಲಿ ಕಪ್ಪೆಗಳಿಗೆ ಉಳಿಗಾಲ ಇರಲಿಲ್ಲ. ಕಾರಣ ಸರಳ. ಕಪ್ಪೆ ಶೀತರಕ್ತದ ಪ್ರಾಣಿ. ಅದರ ಸ್ನಾಯುವನ್ನೋ ಹೃದಯವನ್ನೋ ಹೊರಗೆ ತೆಗೆದು ಉಪ್ಪುನೀರಿನಲ್ಲಿಟ್ಟರೆ, ಕೋಣೆಯ ಮಾಮೂಲಿ ತಾಪದಲ್ಲೇ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ನಮ್ಮ ಅಂಗಾಂಶಗಳಿಗೆ ಬೆಚ್ಚಗಿನ ತಾಪ ಬೇಕು, ಆಮ್ಲಜನಕ ಬೇಕು, ಒಂದು ಚೂರು ತಡವಾದರೂ ಕಥೆ ಮುಗೀತು.

ಆ ಕಪ್ಪೆಯ ಕಾಲಿನಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ನರದ ವೇಗ ಅಳೆದ. ಅವನ ಗುರು ಯೋಹಾನ್ಸ್ ಮ್ಯೂಲರ್ ಇದು ಅಳೆಯಲು ಆಗದಷ್ಟು ಜೋರು, ಈ ಕೆಲಸಕ್ಕೆ ನಮಗೆ ಎಂದೂ ದಾರಿ ಸಿಗಲಿಕ್ಕಿಲ್ಲ ಅಂದುಕೊಂಡಿದ್ದ. ಶಿಷ್ಯ ಮಾಡಿದ್ದು ನೋಡಿ. ಮೀನಖಂಡದ ಸ್ನಾಯು, ಅದಕ್ಕೆ ಅಂಟಿಕೊಂಡೇ ಇರುವ ನರ, ಎರಡನ್ನೂ ಒಟ್ಟಿಗೆ ಬಿಡಿಸಿ ಇಟ್ಟುಕೊಂಡ. ಒಮ್ಮೆ ಸ್ನಾಯುವಿನ ಹತ್ತಿರ ನರಕ್ಕೆ ವಿದ್ಯುತ್ತಿನ ಪೆಟ್ಟು ಕೊಟ್ಟ, ಇನ್ನೊಮ್ಮೆ ಕೆಲವು ಸೆಂಟಿಮೀಟರ್ ದೂರದಲ್ಲಿ ಕೊಟ್ಟ. ಸ್ನಾಯು ಸೆಟೆದ ಕೂಡಲೇ ಸರ್ಕ್ಯೂಟ್ ಕತ್ತರಿಸಿ ಹೋಗುವ ಹಾಗೆ ಜೋಡಿಸಿದ್ದ. ಕರೆಂಟ್ ಎಷ್ಟು ಹೊತ್ತು ಹರಿಯಿತೋ ಗ್ಯಾಲ್ವನೋಮೀಟರಿನ ಮುಳ್ಳು ಅಷ್ಟು ವಾಲುತ್ತದೆ. ಎರಡು ಸಲದ ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದೆರಡು ಭಾಗ. ದೂರವನ್ನು ಆ ಸಮಯದಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 27 ಮೀಟರ್ ಬಂತು. ಗಂಟೆಗೆ ನೂರು ಕಿಲೋಮೀಟರಿಗಿಂತ ಕೊಂಚ ಕಡಿಮೆ, ಅಷ್ಟೇ! ಬೆಳಕಿನ ವೇಗಕ್ಕೆ ಹೋಲಿಸಬಹುದೇನೋ ಅಂದುಕೊಂಡಿದ್ದ ಸಂಗತಿ ಶಬ್ದಕ್ಕಿಂತ ನಿಧಾನ ಅಂತಾಯಿತು. ಕಾಲಿಗೆ ಮುಳ್ಳು ಚುಚ್ಚಿದ್ದು ನಮಗೆ ಗೊತ್ತಾಗೋದು ಯಾವಾಗಲೂ ಒಂದಿಷ್ಟು ಹಳೇ ಸುದ್ದಿಯಾಗಿಯೇ.

ಮೇಲೆ ಉಪ್ಪುನೀರು ಅಂದೆನಲ್ಲ, ಅದರದ್ದೂ ಒಂದು ಕಥೆ ಇದೆ. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿ ಬಡಿಸುತ್ತಾ ಇಟ್ಟು, ತಾನು ಹಾಕಿದ ಲವಣಗಳೇ ಸಾಕು ಅನ್ನುವ ತೀರ್ಮಾನಕ್ಕೆ ಬಂದಿದ್ದ. ಆಮೇಲೆ ಗೊತ್ತಾಗಿದ್ದು, ದ್ರಾವಣ ಮಾಡಿದ್ದು ಬಟ್ಟಿ ಇಳಿಸಿದ ನೀರಿನಿಂದಲ್ಲ, ನಲ್ಲಿ ನೀರಿನಿಂದ. ಶುದ್ಧ ನೀರು ಬಳಸಿ ನೋಡಿದರೆ ಹೃದಯ ನಿಂತೇ ಹೋಯಿತು. ಅದನ್ನು ಬಡಿಸುತ್ತಿದ್ದದ್ದು ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ. 1883ರಲ್ಲಿ ರಿಂಗರ್ ಅದನ್ನೂ ನೇರವಾಗಿ ಬರೆದು ಪ್ರಕಟಿಸಿದ. ಇವತ್ತು ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವಾಗ ಬಾಟಲಿ ಮೇಲೆ ರಿಂಗರ್ಸ್ ಲ್ಯಾಕ್ಟೇಟ್ ಅಂತ ಇರುತ್ತಲ್ವಾ, ಅದು ಇದೇ ದ್ರಾವಣದ ಸುಧಾರಿಸಿದ ರೂಪ.

ಆದರೆ ಕಪ್ಪೆಗೂ ಒಂದು ಮಿತಿ ಇತ್ತು. ಅದರ ನರತಂತುಗಳೂ ನಮ್ಮವುಗಳಷ್ಟೇ ಸಪೂರ. ಸಂಕೇತದ ವೇಗ ಹೊರಗಿನಿಂದ ಅಳೆಯಬಹುದು, ತಂತುವಿನ ಒಳಗೆ ಏನಾಗುತ್ತಿದೆ ಅನ್ನೋದು ಊಹೆಯೇ. ಬರ್ನ್‌ಸ್ಟೈನ್ ಎಂಬ ಜರ್ಮನ್ ವಿಜ್ಞಾನಿ 1902ರಲ್ಲಿ ಒಂದು ಊಹೆ ಮುಂದಿಟ್ಟಿದ್ದ. ಸುಮ್ಮನಿರುವ ನರದ ಪೊರೆ ಪೊಟ್ಯಾಸಿಯಂ ಅಯಾನುಗಳಿಗೆ (ಅಂದರೆ ವಿದ್ಯುತ್ತಿನ ಆವೇಶ ಹೊತ್ತ ಕಣಗಳಿಗೆ) ಮಾತ್ರ ದಾರಿ ಬಿಡುತ್ತದೆ, ಹಾಗಾಗಿ ಒಳಗೆ ಋಣ ವೋಲ್ಟೇಜ್ ಇರುತ್ತದೆ. ಸಂಕೇತ ಬಂದಾಗ ಪೊರೆ ಎಲ್ಲ ಅಯಾನುಗಳಿಗೂ ಬಾಗಿಲು ತೆರೆಯುತ್ತದೆ, ವೋಲ್ಟೇಜ್ ಸೊನ್ನೆಗೆ ಬರುತ್ತದೆ. ಕೇಳೋಕೆ ಚೆನ್ನಾಗಿತ್ತು. ಪರೀಕ್ಷೆ ಮಾಡೋಕೆ ದಾರಿ ಇರಲಿಲ್ಲ.

1936ರಲ್ಲಿ ಇಂಗ್ಲೆಂಡಿನ ಪ್ರಾಣಿವಿಜ್ಞಾನಿ ಜೆ. ಝಡ್. ಯಂಗ್, ಸ್ಕ್ವಿಡ್‌ನ ಮೈಗೋಡೆಯಲ್ಲಿ ಹರಡಿರುವ ಪಾರದರ್ಶಕ ಕೊಳವೆಗಳು ರಕ್ತನಾಳಗಳಲ್ಲ, ಒಂದೊಂದೂ ಒಂದೊಂದು ನರತಂತು ಅಂತ ತೋರಿಸಿದ. (1909ರಲ್ಲೇ ಒಬ್ಬರು ಇವುಗಳ ಬಗ್ಗೆ ಬರೆದಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.) ಇವುಗಳ ದಪ್ಪ ಅರ್ಧ ಮಿಲಿಮೀಟರ್, ಕೆಲವು ಒಂದು ಮಿಲಿಮೀಟರಿನ ಹತ್ತಿರ. ಬರಿಗಣ್ಣಿಗೆ ಕಾಣುವ ನರತಂತು! ಸ್ಕ್ವಿಡ್‌ಗೆ ಇಷ್ಟು ದಪ್ಪದ್ದು ಯಾಕೆ ಬೇಕು ಅಂದರೆ, ಅಪಾಯ ಬಂದಾಗ ಅದು ಮೈಯೊಳಗಿನ ನೀರನ್ನು ರಭಸವಾಗಿ ಹೊರಕ್ಕೆ ಚಿಮ್ಮಿಸಿ ಅದರ ಒತ್ತಡದಲ್ಲೇ ಚಂಗನೆ ಹಿಂದಕ್ಕೆ ಹಾರುತ್ತದೆ, ಅದಕ್ಕೆ ಮೈಯ ಸ್ನಾಯುಗಳೆಲ್ಲ ಒಂದೇ ಕ್ಷಣಕ್ಕೆ ಬಿಗಿಯಬೇಕು, ಹಾಗಾಗಿ ದೂರದ ಸ್ನಾಯುವಿಗೆ ಹೋಗುವ ತಂತು ಹತ್ತಿರದ್ದಕ್ಕಿಂತ ಇನ್ನೂ ದಪ್ಪ ಇರುತ್ತದೆ, ಯಾಕೆಂದರೆ ದಪ್ಪ ತಂತುವಿನಲ್ಲಿ ಸಂಕೇತ ಬೇಗ ಓಡುತ್ತದೆ. ಇದೆಲ್ಲ ಸ್ಕ್ವಿಡ್ ತನ್ನ ಜೀವ ಉಳಿಸಿಕೊಳ್ಳಲು ಮಾಡಿಕೊಂಡ ಏರ್ಪಾಡು. ಲಾಭ ಆಗಿದ್ದು ಭೌತವಿಜ್ಞಾನಿಗಳಿಗೆ.

1939ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಕಡಲತೀರದ ಪ್ರಯೋಗಶಾಲೆಗೆ ಕೇಂಬ್ರಿಡ್ಜ್‌ನ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್ಲಿ ಬಂದರು. ಹಕ್ಸ್ಲಿಗೆ ಆಗ 21 ವರ್ಷ. ಮೊದಲು ಅವರು ಮಾಡಹೊರಟಿದ್ದು ಬೇರೆಯದೇ ಪ್ರಯೋಗ. ತಂತುವನ್ನು ನೇತು ಹಾಕಿ, ಅದರೊಳಗೆ ಪಾದರಸದ ಹನಿ ಬಿಟ್ಟು, ಹನಿ ಎಷ್ಟು ವೇಗವಾಗಿ ಕೆಳಗಿಳಿಯುತ್ತದೆ ನೋಡಿದರೆ ಒಳಗಿನ ದ್ರವ ಎಷ್ಟು ಮಂದ ಅಂತ ಗೊತ್ತಾಗುತ್ತದಲ್ಲ! ಹನಿ ಬಿಟ್ಟರು. ಅದು ಅಲ್ಲಾಡಲೇ ಇಲ್ಲ. ಒಳಗಿದ್ದದ್ದು ದ್ರವವೇ ಅಲ್ಲ, ಗಟ್ಟಿ ಲೋಳೆ. ಪ್ರಯೋಗ ಅಲ್ಲಿಗೆ ಮುಗಿಯಿತು. ಆದರೆ ನೇತು ಹಾಕಿದ ತಂತು ಕಣ್ಣೆದುರಿಗೇ ಇದೆ, ಅದರ ಬಾಯಿ ಮೇಲಕ್ಕಿದೆ. ಹಾಗಿದ್ದರೆ ಹನಿಯ ಬದಲು ಒಂದು ಎಲೆಕ್ಟ್ರೋಡನ್ನೇ ಇಳಿಸಿದರೆ ಹೇಗೆ?

ಎಲೆಕ್ಟ್ರೋಡ್ ಅಂದರೆ ಸಮುದ್ರದ ನೀರು ತುಂಬಿದ, 0.1 ಮಿಲಿಮೀಟರ್ ದಪ್ಪದ ಗಾಜಿನ ನಳಿಗೆ. ಅದನ್ನು ಅರ್ಧ ಮಿಲಿಮೀಟರ್ ದಪ್ಪದ ತಂತುವಿನ ನಡುವೆ, ಎಲ್ಲೂ ಗೋಡೆಗೆ ತಾಗದ ಹಾಗೆ ಸೆಂಟಿಮೀಟರುಗಟ್ಟಲೆ ಇಳಿಸಬೇಕು. ತಾಗಿದರೆ ಅಲ್ಲಿ ಪೊರೆ ಸಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದು ಕಡೆಯಿಂದ ಮಾತ್ರ ನೋಡಿದರೆ ನಳಿಗೆ ನಟ್ಟನಡುವೆ ಇರುವಂತೆ ಕಂಡರೂ ಹಿಂದಿನ ಗೋಡೆಗೆ ಒರೆಸುತ್ತಿರಬಹುದು. ಅದಕ್ಕೆ ಹಕ್ಸ್ಲಿ ಕನ್ನಡಿ ಜೋಡಿಸಿ ಎದುರಿನ ನೋಟ, ಪಕ್ಕದ ನೋಟ ಎರಡೂ ಸಿಗುವ ಹಾಗೆ ಮಾಡಿದ. ಸ್ಕ್ವಿಡ್‌ನ ರಕ್ತದ ಲವಣಾಂಶ ಸಮುದ್ರದ ನೀರಿನಂತೆಯೇ ಇರುವುದರಿಂದ ದ್ರಾವಣದ ತಲೆನೋವೂ ಇರಲಿಲ್ಲ.

ಸಂಕೇತ ಹಾಯ್ದಾಗ ಪರದೆಯ ಮೇಲೆ ಕಂಡಿದ್ದು ಬರ್ನ್‌ಸ್ಟೈನ್ ಹೇಳಿದ್ದಲ್ಲ. ವೋಲ್ಟೇಜ್ ಸೊನ್ನೆಗೆ ಬಂದು ನಿಲ್ಲಲಿಲ್ಲ. ಸೊನ್ನೆ ದಾಟಿ ಸುಮಾರು 40 ಮಿಲಿವೋಲ್ಟ್ ಧನದ ಕಡೆಗೆ ಏರಿ, ಮತ್ತೆ ಇಳಿಯಿತು. ಬಾಗಿಲು ಸುಮ್ನೆ ತೆರೆದುಕೊಂಡರೆ ಹೀಗಾಗಲು ಸಾಧ್ಯವೇ ಇಲ್ಲ. ಯಾವುದೋ ಒಂದು ಧನ ಅಯಾನು ಒಳಗೆ ನುಗ್ಗುತ್ತಿದೆ. ಯಾವುದು ಅಂತ ಹುಡುಕುವ ಮೊದಲೇ ಮಹಾಯುದ್ಧ ಶುರುವಾಯಿತು. ಹಾಜ್‌ಕಿನ್ ರೇಡಾರ್ ಕೆಲಸಕ್ಕೆ ಹೋದ, ಹಕ್ಸ್ಲಿ ಫಿರಂಗಿಗಳ ಗುರಿಯ ಲೆಕ್ಕಕ್ಕೆ. ಮತ್ತೆ ಸ್ಕ್ವಿಡ್ ಹತ್ತಿರ ಬಂದಿದ್ದು ಯುದ್ಧ ಮುಗಿದ ಮೇಲೆ. ಹಾಜ್‌ಕಿನ್ ಮತ್ತು ಬರ್ನಾರ್ಡ್ ಕಾಟ್ಜ್ ಸೇರಿ ತಂತುವಿನ ಹೊರಗಿನ ನೀರಿನಲ್ಲಿ ಸೋಡಿಯಂ ಕಡಿಮೆ ಮಾಡಿದರು. ಅದು ಇಳಿದಷ್ಟೂ ಸಂಕೇತದ ಎತ್ತರ ಇಳಿಯಿತು. 1949ರಲ್ಲಿ ಇದು ಪ್ರಕಟವಾಯಿತು. ನುಗ್ಗುತ್ತಿದ್ದದ್ದು ಸೋಡಿಯಂ.

ಆಮೇಲಿನದ್ದು ಖ್ಯಾತಿಯ ಭಾಗ, ಹಾಜ್‌ಕಿನ್ ಮತ್ತು ಹಕ್ಸ್ಲಿಯ 1952ರ ಪ್ರಬಂಧಗಳು, 1963ರ ನೊಬೆಲ್. ಪೊರೆಯ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸರ್ಕ್ಯೂಟ್ ಬಳಸಿ, ಹಾಗೆ ಹಿಡಿದಿಡಲು ಎಷ್ಟು ಕರೆಂಟ್ ಬೇಕಾಗುತ್ತದೆ ಅಂತ ಅಳೆದರು. ಸೋಡಿಯಂ ಬೇಗ ಒಳಗೆ ಬಂದು ದಾರಿ ಮುಚ್ಚಿಕೊಳ್ಳುತ್ತದೆ, ಪೊಟ್ಯಾಸಿಯಂ ನಿಧಾನಕ್ಕೆ ಹೊರಗೆ ಹೋಗುತ್ತದೆ. ಎರಡಕ್ಕೂ ಸಮೀಕರಣ ಬರೆದರು. ಈಗ ಆ ಸಮೀಕರಣದಿಂದಲೇ ಸಂಕೇತ ಹುಟ್ಟಬೇಕು. ಆದರೆ ಕೇಂಬ್ರಿಡ್ಜ್‌ನ ಕಂಪ್ಯೂಟರ್ ಆಗ ಮಾರ್ಪಾಡಿಗೆ ಅಂತ ತಿಂಗಳುಗಟ್ಟಲೆ ಬಂದ್ ಆಗಿತ್ತು. ಹಕ್ಸ್ಲಿ ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರ ಹಿಡಿದು ಕೂತ. ಸೆಕೆಂಡಿನ ಕೆಲವೇ ಸಾವಿರದ ಭಾಗಗಳಲ್ಲಿ ಆಗಿ ಹೋಗುವ ಸಂಗತಿಗೆ ವಾರಗಟ್ಟಲೆ ಹಿಡಿ ತಿರುಗಿಸಿದ. ಲೆಕ್ಕದಲ್ಲಿ ಬಂದ ವೇಗ ಸೆಕೆಂಡಿಗೆ 18.8 ಮೀಟರ್. ಸ್ಕ್ವಿಡ್‌ನಲ್ಲಿ ಅಳೆದಿದ್ದು 21.2 ಮೀಟರ್. ವೇಗದ ಬಗ್ಗೆ ಏನೂ ಊಹೆ ಇಟ್ಟುಕೊಳ್ಳದೆ, ಒಂದೇ ಜಾಗದಲ್ಲಿ ಅಳೆದ ಕರೆಂಟಿನಿಂದ ಇಷ್ಟು ಹತ್ತಿರದ ಉತ್ತರ! ಜೀವವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಲೆಕ್ಕ ನಾನು ನೋಡಿಲ್ಲ.

ನನಗೆ ಇನ್ನೂ ಇಷ್ಟವಾಗುವುದು 1961ರ ಪ್ರಯೋಗ. ಹಾಜ್‌ಕಿನ್, ಬೇಕರ್ ಮತ್ತು ಶಾ ತಂತುವಿನ ಮೇಲೆ ಸಣ್ಣ ರಬ್ಬರ್ ರೋಲರ್ ಉರುಳಿಸಿ, ಟೂತ್‌ಪೇಸ್ಟ್ ಟ್ಯೂಬ್ ಹಿಂಡಿದ ಹಾಗೆ ಒಳಗಿನ ಲೋಳೆಯನ್ನೆಲ್ಲ ಹೊರಗೆ ತೆಗೆದರು. ಉಳಿದದ್ದು ಚಪ್ಪಟೆಯಾದ ಖಾಲಿ ಪೊರೆ. ಅದರೊಳಗೆ ಪೊಟ್ಯಾಸಿಯಂ ಲವಣದ ದ್ರಾವಣ ಹರಿಸಿದರು. ತಂತು ಮತ್ತೆ ಉಬ್ಬಿತು, ಪೆಟ್ಟು ಕೊಟ್ಟರೆ ಸಂಕೇತ ಓಡಿತು. ಒಂದೆರಡಲ್ಲ, ಗಂಟೆಗಟ್ಟಲೆ, ಸಾವಿರಾರು ಸಲ. ಅಂದರೆ ಸಂಕೇತದ ಕೆಲಸ ಪೂರ್ತಿ ಪೊರೆಯದ್ದು, ಅದರ ಎರಡು ಬದಿಯ ಉಪ್ಪಿನದ್ದು. ಇದನ್ನು ಇಲಿಯ ನರದಲ್ಲಿ ಮಾಡಿ ನೋಡೋಣ ಅಂದರೆ ಇವತ್ತಿಗೂ ಆಗಲ್ಲ.

ಇಲ್ಲಿ ಒಂದು ಅನುಮಾನ ಬರಬೇಕು. ಸ್ಕ್ವಿಡ್‌ಗೂ ನಮಗೂ ಏನು ಸಂಬಂಧ? ಪೊರೆಯ ಮಟ್ಟದಲ್ಲಿ ತುಂಬಾ ಇದೆ. ಹಲ್ಲಿನ ಡಾಕ್ಟರು ಕೊಡುವ ಮರಗಟ್ಟಿಸುವ ಇಂಜೆಕ್ಷನ್ ತಡೆಯುವುದು ಇದೇ ಸೋಡಿಯಂ ದಾರಿಯನ್ನು. ಆದರೆ ವೇಗ ಹೆಚ್ಚಿಸಿಕೊಂಡ ದಾರಿ ಮಾತ್ರ ಬೇರೆ. ಸ್ಕ್ವಿಡ್‌ನ ತಂತುವಿನಲ್ಲಿ ವೇಗ ಎರಡು ಪಟ್ಟು ಆಗಬೇಕಾದರೆ ದಪ್ಪ ನಾಲ್ಕು ಪಟ್ಟು ಆಗಬೇಕು. ಬೆನ್ನೆಲುಬಿನ ಪ್ರಾಣಿಗಳು ತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಕವಚ ಸುತ್ತಿಕೊಂಡು ಈ ಖರ್ಚು ಉಳಿಸಿದವು. ಕಪ್ಪೆಯ 12 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ತಂತು, ಸ್ಕ್ವಿಡ್‌ನ 500 ಮೈಕ್ರಾನ್ ತಂತುವಿನಷ್ಟೇ ವೇಗವಾಗಿ, ಸೆಕೆಂಡಿಗೆ ಸುಮಾರು 25 ಮೀಟರಿನಂತೆ, ಸಂಕೇತ ಒಯ್ಯುತ್ತದೆ. ಸ್ಕ್ವಿಡ್‌ನ ಒಂದು ತಂತುವಿನ ಜಾಗದಲ್ಲಿ ಕಪ್ಪೆಯ ಸಾವಿರಕ್ಕೂ ಜಾಸ್ತಿ ತಂತುಗಳು ಹಿಡಿಸುತ್ತವೆ. ಪ್ರಯೋಗಕ್ಕೆ ಅನುಕೂಲ ಅಂತ ಆರಿಸಿಕೊಂಡ ಪ್ರಾಣಿ ಎಲ್ಲದಕ್ಕೂ ಮಾದರಿ ಆಗಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಈ ಎಚ್ಚರ ಇವತ್ತು ಇನ್ನೂ ಜಾಸ್ತಿ ಬೇಕು. ಈಗಿನ ಪ್ರಯೋಗಶಾಲೆಗಳಲ್ಲಿ ಎಲ್ಲಿ ನೋಡಿದರೂ ಇಲಿ. ಅದರ ವಂಶವಾಹಿ ತಿದ್ದುವ ಉಪಾಯಗಳು ಕೈಗೆ ಸಿಗುತ್ತವೆ, ಸಾಕುವುದು ಸುಲಭ, ಸರಿ. ಆದರೆ ಇಲಿಯ ಹೃದಯ ನಿಮಿಷಕ್ಕೆ ಐನೂರು ಸಲದ ಮೇಲೆ ಬಡಿಯುತ್ತದೆ. ಪ್ರತಿ ಬಡಿತದ ನಂತರ ಅದರ ಜೀವಕೋಶಗಳು ಮತ್ತೆ ಸಜ್ಜಾಗಲು ಬಳಸುವ ಪೊಟ್ಯಾಸಿಯಂ ದಾರಿಗಳೂ ನಮ್ಮವುಗಳಿಗಿಂತ ಬೇರೆ. ಹೃದಯದ ಲಯ ತಪ್ಪುವ ಕಾಯಿಲೆಗೆ ಔಷಧ ಹುಡುಕುವವರು ಅದಕ್ಕೇ ಮೊಲ, ಗಿನಿಪಿಗ್, ಹಂದಿಗಳ ಕಡೆ ಹೋಗುತ್ತಾರೆ. ಸ್ನಾಯುವಿಗೆ ನರದ ಆಜ್ಞೆ ತಲುಪಿಸುವ ಗ್ರಾಹಕ ಪ್ರೋಟೀನನ್ನು ಬೇರ್ಪಡಿಸಬೇಕಾದಾಗಲೂ ಹಾಗೇ ಆಯಿತು. ಮಾಮೂಲಿ ಸ್ನಾಯುವಿನಲ್ಲಿ ಅದು ಇರುವುದು ಚೂರೇ ಚೂರು. ಟಾರ್ಪೆಡೊ ಎಂಬ ವಿದ್ಯುತ್ ಮೀನಿನ ಶಾಕ್ ಕೊಡುವ ಅಂಗದಲ್ಲಿ ರಾಶಿ ರಾಶಿ ಇದೆ. ಅದಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಕೊಕ್ಕೆ ಸಿಕ್ಕಿದ್ದು ತೈವಾನಿನ ಕಟ್ಟು ಹಾವಿನ ವಿಷದಲ್ಲಿ. ಮೀನು ಒಂದು ಕಡೆ, ಹಾವು ಒಂದು ಕಡೆ, ನಡುವೆ ನಮ್ಮ ಸ್ನಾಯುವಿನ ರಹಸ್ಯ.

ಸ್ಕ್ವಿಡ್ ಏನಾಯಿತು? 1976ರಲ್ಲಿ ಜರ್ಮನ್ ವಿಜ್ಞಾನಿಗಳಾದ ನೇಹರ್ ಮತ್ತು ಸಾಕ್‌ಮನ್ ಗಾಜಿನ ನಳಿಗೆಯ ತುದಿಯಿಂದ ಒಂದೇ ಒಂದು ಅಯಾನು ದಾರಿಯ ಕರೆಂಟನ್ನು ಹಿಡಿದ ಮೇಲೆ, ದಪ್ಪ ತಂತುವಿನ ಅಗತ್ಯವೇ ಕಡಿಮೆಯಾಯಿತು. (ಅದಕ್ಕೂ ಬಳಸಿದ್ದು ಕಪ್ಪೆಯ ಸ್ನಾಯು ಅನ್ನಿ.) ಆದರೂ ಸ್ಕ್ವಿಡ್ ಪ್ರಯೋಗಶಾಲೆ ಬಿಟ್ಟು ಹೋಗಲಿಲ್ಲ, ಈಗ ಬೇರೆ ಕಾರಣಕ್ಕೆ ಬೇಕಾಗಿದೆ. ಅದು ತನ್ನ ನರಕೋಶಗಳಲ್ಲಿ ಆರ್‌ಎನ್‌ಎ ಸಂದೇಶಗಳನ್ನು, ಅಂದರೆ ಪ್ರೋಟೀನ್ ಮಾಡಲು ಡಿಎನ್ಎಯಿಂದ ತೆಗೆದ ನಕಲುಗಳನ್ನು, ಯದ್ವಾತದ್ವಾ ತಿದ್ದಿಕೊಳ್ಳುತ್ತದೆ. ಡಿಎನ್ಎಯಲ್ಲಿ ಬರೆದಿರುವುದು ಒಂದು, ತಯಾರಾಗುವ ಪ್ರೋಟೀನ್ ಇನ್ನೊಂದು. ತಿದ್ದುಪಡಿ ಆಗುವ ಪ್ರೋಟೀನುಗಳಲ್ಲಿ ಹಾಜ್‌ಕಿನ್ ಮತ್ತು ಹಕ್ಸ್ಲಿ ಅಳೆದಿದ್ದ ಪೊಟ್ಯಾಸಿಯಂ ದಾರಿಯೂ ಇದೆ.

ಯಾಕೆ ಹೀಗೆ ಅಂತ ತಿಳಿಯಲು ಅದರ ವಂಶವಾಹಿಗಳನ್ನೇ ಬದಲಿಸಿ ನೋಡಬೇಕು. 2020ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಮುದ್ರ ಜೀವವಿಜ್ಞಾನ ಪ್ರಯೋಗಶಾಲೆಯವರು ದಪ್ಪ ತಂತುವಿನ ಪ್ರಯೋಗಗಳಿಗೆ ಅಮೆರಿಕದಲ್ಲಿ ಹಿಂದಿನಿಂದ ಬಳಸುತ್ತಿದ್ದ ಜಾತಿಯ ಸ್ಕ್ವಿಡ್‌ನ ಭ್ರೂಣದಲ್ಲಿ ಬಣ್ಣಕ್ಕೆ ಬೇಕಾದ ಒಂದು ವಂಶವಾಹಿಯನ್ನು ಕೆಡಿಸಿ, ಚುಕ್ಕೆಗಳಿಲ್ಲದ ಮರಿಗಳನ್ನು ಪಡೆದರು. ಆದರೆ ಈ ಜಾತಿಯನ್ನು ತೊಟ್ಟಿಯಲ್ಲಿ ತಲೆಮಾರುಗಟ್ಟಲೆ ಸಾಕುವುದು ಆಗದ ಕೆಲಸ. ಹಾಗಾಗಿ ಮತ್ತೆ ಪ್ರಾಣಿ ಹುಡುಕಾಟ. ಈ ಸಲ ಸಿಕ್ಕಿದ್ದು ಯೂಪ್ರಿಮ್ನಾ ಬೆರಿಯಿ ಎಂಬ ಪುಟಾಣಿ ಬಾಬ್‌ಟೇಲ್ ಸ್ಕ್ವಿಡ್, ತೊಟ್ಟಿಯಲ್ಲೇ ಮರಿ ಮಾಡುತ್ತದೆ. 2023ರಲ್ಲಿ ಇದರ ಬಣ್ಣವಿಲ್ಲದ ತಳಿಯೊಂದು ತಯಾರಾಯಿತು. ಮೈ ಎಷ್ಟು ಪಾರದರ್ಶಕ ಅಂದರೆ, ಕ್ಯಾಲ್ಸಿಯಂ ಇದ್ದಲ್ಲಿ ಹೊಳೆಯುವ ಬಣ್ಣ ಹಾಕಿ, ಜೀವಂತ ಸ್ಕ್ವಿಡ್‌ಗೆ ಏನಾದರೂ ಕಂಡಾಗ ಅದರ ಮಿದುಳಿನಲ್ಲಿ ಏನಾಗುತ್ತದೆ ಅನ್ನೋದನ್ನು ಸೂಕ್ಷ್ಮದರ್ಶಕದಲ್ಲೇ ನೋಡಬಹುದು. ದಪ್ಪ ನರಕ್ಕೋಸ್ಕರ ಸ್ಕ್ವಿಡ್ ಹಿಡಿದು ತರುತ್ತಿದ್ದ ಕಾಲ ಹೋಗಿ, ಈಗ ಅದರ ತಿಳಿ ಮೈಗೋಸ್ಕರ ಸಾಕುತ್ತಿದ್ದಾರೆ.